ಸಮರೇಖೆಗಳಲ್ಲಿ ವಿಷಮಪ್ರತೀತಿ

ಸಮವಾದ ಎರಡು ರೇಖೆಗಳಲ್ಲಿ ಒಂದರ ತುದಿಗಳಿಗೆ ಒಳಮುಖವಾದ ಗರಿಗಳನ್ನೂ ಮತ್ತೊಂದರ ತುದಿಗಳಿಗೆ ಹೊರಮುಖವಾದ ಗರಿಗಳನ್ನೂ ಸೇರಿಸಿದರೆ, ಮೊದಲನೆಯದು ಗಿಡ್ಡವಾಗಿಯೂ ಎರಡನೆಯದು ಉದ್ದವಾಗಿಯೂ ತೋರುವುದು. ಮ್ಯುಲರ್-ಲಯರ್ ಎಂಬ ಜರ್ಮನ್ ವಿದ್ವಾಂಸನು 1889ರಲ್ಲಿ ಪ್ರಕಟಿಸಿದ ಈ ಚಿತ್ರವು ಮನಶ್ಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಸುಪ್ರಸಿದ್ಧವಾಗಿದೆ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ನೆಲೆಗೊಂಡ ಈ ಶಾಸ್ತ್ರದ ವಿಷಯಗಳನ್ನು ಕನ್ನಡಿಸುವಾಗ, ಈ ಪ್ರತೀತಿಗೆ ಭ್ರಮೆ, ಭ್ರಾಂತಿ ಎಂಬ ಹೆಸರುಗಳು ಸಹಜವಾಗಿಯೇ ಒದಗುವುವು. ಆದರೆ ಆ ಹೆಸರನ್ನೇ ನಂಬಿ ರಜ್ಜುಸರ್ಪವನ್ನೂ ಭ್ರಾಂತಿಮದಲಂಕಾರವನ್ನೂ ಇದಕ್ಕೆ ದೃಷ್ಟಾಂತವಾಗಿ ಬೋಧಿಸುವುದು ಯುಕ್ತವೇ ಎಂಬುದು ವಿಚಾರಣೀಯವಾಗಿದೆ.

ಮೊದಲು ಅಳತೆಯ ಕ್ರಮವನ್ನು ನೋಡಬೇಕು. ಒಳಗರಿಯ ರೇಖೆಯನ್ನು ಸ್ಥಿರವಾಗಿಟ್ಟು, ಹೊರಗರಿಯ ರೇಖೆಯನ್ನು ಜಾರುಪಟ್ಟಿಯಿಂದ ಹೆಚ್ಚಿಸುತ್ತಲೂ ಕುಗ್ಗಿಸುತ್ತಲೂ, ಎರಡೂ ಸಮವೆಂದು ತೋರುವೆಡೆಯಲ್ಲಿ ನಿಲ್ಲಿಸುವಂತೆ ನೋಟಕನಿಗೆ ಹೇಳುವರು. ಸ್ಥಿರರೇಖೆ 100 ಮಿಲಿಮೀಟರಿದ್ದು ಅವನು 85ರಲ್ಲಿ ನಿಲ್ಲಿಸಿದನೆಂದಿಟ್ಟುಕೊಂಡರೆ, ಶೇಷವಾದ 15 ಭ್ರಮೆಯ ಪರಿಮಾಣವಾಗುವುದು. ಒಮ್ಮೆ ಉದ್ದದ ಕಡೆಯಿಂದಲೂ ಮತ್ತೊಮ್ಮೆ ಗಿಡ್ಡದ ಕಡೆಯಿಂದಲೂ ಹಲವು ಬಾರಿ ಆರಂಭಿಸಿ ಸರಾಸರಿಯನ್ನು ಕಟ್ಟುವರು. ಇಲ್ಲವಾದರೆ ಚಲನೆಯ ದಿಕ್ಕಿನಿಂದಾದ ದೋಷವೂ ಭ್ರಮೆಯ ಲೆಕ್ಕಕ್ಕೆ ಸೇರಿಹೋಗುವುದು.

ಹಗ್ಗವೆಂಬ ಜ್ಞಾನ ಹುಟ್ಟಿದೊಡನೆ ಹಾವು ಅಡಗುತ್ತದೆ. ಇಲ್ಲಿ ಹಾಗಿಲ್ಲ, ಅಳತೆಗೋಲಿಟ್ಟು ಸಮವೆಂದು ನಿಶ್ಚಯಿಸಿದವನಿಗೂ ರೇಖೆಗಳು ವಿಷಮವಾಗಿಯೇ ತೋರುವುವು. ಭ್ರಾಂತಿಮದಲಂಕಾರಕ್ಕೆ ಸಾದೃಶ್ಯವು ಜೀವಾಳವೆಂಬುದು ಮಮ್ಮಟನ ಲಕ್ಷಣದಿಂದ ಸ್ಪಷ್ಟ. ದಂಡಿಯಾದರೋ ಮೋಹೋಪಮೆಯೆಂದು ಅದನ್ನು ಉಪಮೆಯಲ್ಲಿಯೇ ಅಡಗಿಸಿದನು. ರೇಖೆಗಳಲ್ಲಿಯಾದರೋ ಒಂದನ್ನು ಮತ್ತೊಂದೆಂದು ತಿಳಿಯುವುದಿಲ್ಲ, ಪರಿಮಾಣವೊಂದೇ ವ್ಯತ್ಯಸ್ತವಾಗುವುದು. ಆದ್ದರಿಂದ ಎರಡು ದೃಷ್ಟಾಂತಗಳೂ ಸಲ್ಲವು.

ಸಲ್ಲುವ ದೃಷ್ಟಾಂತವು ವೇದಾಂತಿಗಳ ಸೋಪಾಧಿಕಭ್ರಮೆಯಲ್ಲಿದೆ. ದಾಸವಾಳದ ಸನ್ನಿಧಿಯಲ್ಲಿರುವ ಸ್ಫಟಿಕವು ಬಿಳಿಯದೆಂದು ಬಲ್ಲವನಿಗೂ ಕೆಂಪಾಗಿ ಕಾಣುವುದು. ಹೂವನ್ನು ತೆಗೆದರೆ ಮಾತ್ರ ಕೆಂಪು ಹೋಗುವುದು. ಅಂತೆಯೇ ಗರಿಗಳನ್ನು ಅಳಿಸಿದರೆ ರೇಖೆಗಳು ಸಮವಾಗುವುವು. ಗರಿಯೇ ಇಲ್ಲಿ ಉಪಾಧಿ.

ಇಲ್ಲೊಂದು ಆಕ್ಷೇಪವುಂಟು: ಪ್ರಯೋಗವನ್ನು ಬಹುವಾರ ಮಾಡಿದವರಲ್ಲಿ ಗರಿಗಳಿದ್ದಾಗಲೂ ಭ್ರಮೆ ಕುಗ್ಗುವುದೆಂದು ಕಂಡುಬಂದಿದೆ. ಸತ್ಯ, ಆದರೆ ಕುಗ್ಗಿಸುವುದು ಅಭ್ಯಾಸವೇ ಹೊರತು ಸಮವೆಂಬ ಅರಿವಲ್ಲ. ನೋಟಕಭೇದದಿಂದಲೂ ಪರಿಮಾಣವು ಬೇರೆಯಾಗುವುದು. ರಿವರ್ಸ್ ಎಂಬವನು 1905ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೀಲಗಿರಿಯ ತೊದವರಿಗೆ ಈ ಭ್ರಮೆಯು ಆಂಗ್ಲರಿಗಿಂತ ಕಡಮೆಯಾಗಿತ್ತು. ಇದು ಮೂಲೆಗಳುಳ್ಳ ಮನೆಗಳಲ್ಲಿ ಬೆಳೆದ ಕಣ್ಣಿನ ಸಂಸ್ಕಾರವೆಂದು ಮುಂದೆ ಕೆಲವರು ವಾದಿಸಿದರು. ಆದರೆ ಶಸ್ತ್ರಚಿಕಿತ್ಸೆಯಿಂದ ಆಗತಾನೇ ದೃಷ್ಟಿ ಪಡೆದ ಭಾರತದ ಮಕ್ಕಳಿಗೂ ಈ ಭ್ರಮೆಯುಂಟೆಂದು 2015ರಲ್ಲಿ ಪ್ರಕಟವಾದಮೇಲೆ, ಸಂಸ್ಕಾರವೊಂದೇ ಕಾರಣವೆಂಬ ಪಕ್ಷವು ದುರ್ಬಲವಾಯಿತು.

ವಿಜಯಪುರದಂತಹ ರೇಷ್ಮೆಯ ಊರಿನಲ್ಲಿ ಗೂಡಿನ ಗುಣವನ್ನು ಕಣ್ಣಿನಿಂದ ಅಳೆದರೂ ತೂಕಕ್ಕೆ ತಕ್ಕಡಿಯನ್ನೇ ಆಶ್ರಯಿಸುವರು. ಕಣ್ಣು ತಪ್ಪಬಹುದೆಂಬ ಅರಿವಿನಿಂದ ಕಣ್ಣು ಸರಿಹೋಗದು, ನಿಶ್ಚಯವೊಂದು ಸರಿಹೋಗುವುದು. ಈ ವಿವೇಕವಿಲ್ಲದೆ ಒಂದೇ ಶಬ್ದದಿಂದ ಎರಡನ್ನೂ ಬೋಧಿಸಿದರೆ, ತಿಳಿದಮೇಲೂ ಭ್ರಮೆ ಹೋಗಲಿಲ್ಲವೆಂದು ವಿದ್ಯಾರ್ಥಿಯು ತನ್ನ ತಿಳಿವನ್ನೇ ಶಂಕಿಸುವನು. ಆದಕಾರಣ ಪಾಠದಲ್ಲಿ ಸೋಪಾಧಿಕಭ್ರಮೆಯೆಂಬ ಹೆಸರನ್ನೇ ಬಳಸುವುದು ಉಚಿತವಾಗಿದೆ.