ಬೆಟ್ಟ ಕಾಯುತ್ತದೆಂಬ ಲೆಕ್ಕ

ವಿದ್ಯುತ್ ಜಾಲ ಕುಸಿದರೆ, ಬ್ಯಾಂಕುಗಳು ಬಾಗಿಲು ಹಾಕಿದರೆ, ನಗರಗಳಲ್ಲಿ ದೊಂಬಿ ಎದ್ದರೆ ಎಲ್ಲಿಗೆ ಹೋಗಿ ಬದುಕುವುದು? ಈ ಪ್ರಶ್ನೆ ತಲೆಗೆ ಹೊಕ್ಕ ಅಮೆರಿಕನ್ನರು ತಮ್ಮ ದೇಶದ ಕೌಂಟಿಗಳನ್ನು ಜಾತಕ ಕೂಡಿಸುವ ಶ್ರದ್ಧೆಯಿಂದ ಪರಿಶೀಲಿಸುತ್ತಾರೆ. ಜನ ಎಷ್ಟು ವಿರಳ, ದೊಡ್ಡ ನಗರ ಎಷ್ಟು ದೂರ, ಅಣುದಾಳಿಗೆ ಗುರಿಯಾಗುವ ನೆಲೆ ಹತ್ತಿರವಿದೆಯೇ, ವರ್ಷಪೂರ್ತಿ ಹರಿಯುವ ತೊರೆ ಇದೆಯೇ, ಬಂದೂಕಿನ ಕಾನೂನು ಹೇಗೆ, ತೆರಿಗೆ ಎಷ್ಟು ಎಂಬಂಥ ಉದ್ದನೆಯ ಪಟ್ಟಿ ಅವರ ಕೈಯಲ್ಲಿರುತ್ತದೆ. ಇದಕ್ಕೆಂದೇ ಪುಸ್ತಕಗಳಿವೆ. ಜೋಯಲ್ ಸ್ಕೌಸನ್ ರಾಜ್ಯಗಳನ್ನು ಒಂದೊಂದಾಗಿ ತೂಗಿ ನೋಡಿದರು. ಜೇಮ್ಸ್ ವೆಸ್ಲಿ ರಾಲ್ಸ್ 2011ರಲ್ಲಿ ಐಡಹೊ, ಮೊಂಟಾನಾ, ವಯೋಮಿಂಗ್ ಸೀಮೆಗೆ 'ಅಮೆರಿಕನ್ ರಿಡೌಟ್' ಎಂದು ಹೆಸರಿಟ್ಟು, ಸಮಾನಮನಸ್ಕರು ಅಲ್ಲಿ ನೆಲೆಸಲಿ ಎಂದರು.

ಈ ಅಳತೆಗೋಲು ಎಷ್ಟು ಗಟ್ಟಿ ಎಂದು ನೋಡಬೇಕಾದರೆ ನಾನು ರಾಲ್ಸ್ ಅವರ ಸೀಮೆ ಬಿಟ್ಟು ನಾರ್ತ್ ಕ್ಯಾರೊಲಿನಾದ ಯಾನ್ಸಿ ಕೌಂಟಿಯನ್ನು ಆರಿಸಿಕೊಳ್ಳುತ್ತೇನೆ. ಅಲ್ಲಿ ಪರೀಕ್ಷೆ ಆಗಲೇ ಮುಗಿದಿದೆ. ಅಪಲೇಚಿಯನ್ ಬೆಟ್ಟಸಾಲಿನ ಈ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಇದ್ದವರು ಸುಮಾರು 18,500 ಮಂದಿ. ಬರ್ನ್ಸ್‌ವಿಲ್ ಎಂಬ ಪುಟ್ಟ ಪೇಟೆಯೇ ಆಡಳಿತ ಕೇಂದ್ರ. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದಕ್ಕಿಂತ ಎತ್ತರವಿಲ್ಲ ಎನ್ನುವ 2,037 ಮೀಟರಿನ ಮೌಂಟ್ ಮಿಚೆಲ್ ಇರುವುದು ಇಲ್ಲೇ. ಕಾಡಿದೆ, ಸೌದೆಗೆ ಬರವಿಲ್ಲ, ಎಲ್ಲೆಡೆ ತೊರೆಗಳು. ಬೀನ್ಸ್ ಒಣಗಿಸಿಡುವ, ತರಕಾರಿಯನ್ನು ಗಾಜಿನ ಜಾಡಿಗಳಲ್ಲಿ ಕೆಡದಂತೆ ಮುಚ್ಚಿಡುವ ರೂಢಿ ಬೆಟ್ಟದ ಮನೆಗಳಲ್ಲಿ ಹಳೆಯದು. ಪಟ್ಟಿಯ ಪ್ರಕಾರ ಯಾನ್ಸಿಗೆ ಒಳ್ಳೆಯ ಅಂಕವೇ ಸಿಗಬೇಕು.

ಪಕ್ಕದ ಬಂಕೂಂಬ್ ಕೌಂಟಿಯ ಬ್ಲ್ಯಾಕ್ ಮೌಂಟನ್ ಪಟ್ಟಣವಂತೂ ಈ ಬಳಗದವರಿಗೆಲ್ಲ ಪರಿಚಿತ. ವಿಲಿಯಂ ಫೋರ್ಸ್ಟ್‌ಶನ್ 2009ರಲ್ಲಿ ಬರೆದ 'ಒನ್ ಸೆಕೆಂಡ್ ಆಫ್ಟರ್' ಕಾದಂಬರಿ ನಡೆಯುವುದು ಅಲ್ಲಿ. ದೇಶದ ವಿದ್ಯುತ್ತೆಲ್ಲ ಒಂದೇ ಏಟಿಗೆ ಹೋಗುತ್ತದೆ. ಊರಿನವರು ಹೆದ್ದಾರಿಗೆ ಅಡ್ಡಗಟ್ಟಿ, ಮೇಲೇರಿ ಬರುವವರನ್ನು ತಡೆಯುತ್ತಾರೆ. ಕಾದಂಬರಿಯ ಕಲ್ಪನೆಯಲ್ಲಿ ಕೇಡು ಬರುವುದು ರಸ್ತೆಯಿಂದ, ಮನುಷ್ಯರ ರೂಪದಲ್ಲಿ. ಪಟ್ಟಿಯ ಕಲ್ಪನೆಯೂ ಅದೇ.

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲೋರಿಡಾದ ದಡ ಮುಟ್ಟಿತು. ಅಲ್ಲಿಂದ ಯಾನ್ಸಿ 600 ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಚಂಡಮಾರುತ ಬರುವ ಮೊದಲೇ ಬೆಟ್ಟಗಳ ಮೇಲೆ ಮಳೆ ಹಿಡಿದು ಮಣ್ಣು ನೀರು ಕುಡಿದು ನಿಂತಿತ್ತು. ಯಾನ್ಸಿಯ ಬ್ಯೂಸಿಕ್‌ನಲ್ಲಿ ಕೆಲವೇ ದಿನಗಳಲ್ಲಿ 30 ಇಂಚಿಗೂ ಮಿಕ್ಕಿ ಸುರಿಯಿತು. ಆಗುಂಬೆಯವರೂ ಹುಬ್ಬೇರಿಸುವಂಥ ಮಳೆ ಅದು. 27ರ ಬೆಳಿಗ್ಗೆ ಕೇನ್ ನದಿ, ಸೌತ್ ಟೋ ನದಿಗಳು ಸೇತುವೆಗಳನ್ನೂ ರಸ್ತೆಗಳನ್ನೂ ಮನೆಗಳನ್ನೂ ಎಳೆದುಕೊಂಡು ಹೋದವು. ಆ ಬೆಟ್ಟಸಾಲಿನಲ್ಲಿ ನೆಲ ಜಾರಿದ್ದು 2,000ಕ್ಕೂ ಹೆಚ್ಚು ಕಡೆ. ಬಂಕೂಂಬ್ ಕೌಂಟಿಯ ಫೇರ್‌ವ್ಯೂ ಬಳಿ ಒಂದೇ ಕುಟುಂಬದ 11 ಮಂದಿ ಮಣ್ಣಿನಡಿ ಹೋದರು.

ಈಗ ಪಟ್ಟಿಯನ್ನು ಮತ್ತೆ ತೆರೆದು ನೋಡಬೇಕು. ತೊರೆಗೆ ಅಂಕವಿತ್ತು, ಮನೆ ಕೊಚ್ಚಿಕೊಂಡು ಹೋದದ್ದು ತೊರೆಯೇ. ಒಂದೇ ದಾರಿಯಿದ್ದರೆ ಕಾವಲು ಸುಲಭ ಎಂದು ಅದಕ್ಕೂ ಅಂಕ. ಆ ಒಂದು ದಾರಿ ಕಡಿದ ಮೇಲೆ ಒಳಗಿದ್ದವರು ಸೆರೆಯಾದರು. ಸ್ವಂತ ಬಾವಿ ಇದ್ದವರೂ ನೀರಿಗೆ ಪರದಾಡಿದರು, ಪಂಪಿಗೆ ಕರೆಂಟಿರಲಿಲ್ಲ. ಡೀಸೆಲ್ ಜನರೇಟರ್ ಇದ್ದವನಿಗೂ ಡೀಸೆಲ್ ತರಲು ರಸ್ತೆ ಬೇಕು. ಇನ್ಸುಲಿನ್, ಆಮ್ಲಜನಕದ ಯಂತ್ರ ನಂಬಿಕೊಂಡ ಮುದುಕರ ಲೆಕ್ಕವಂತೂ ಈ ಪಟ್ಟಿಗಳಲ್ಲಿ ಮೂಲೆಯಲ್ಲೆಲ್ಲೋ ಇರುತ್ತದೆ. ಪಟ್ಟಿ ಬರೆದವರೆಲ್ಲ ತಾವು ಸದಾ ನಲವತ್ತರ ಗಟ್ಟಿಮುಟ್ಟು ಗಂಡಸರು ಎಂದುಕೊಂಡಂತಿದೆ.

ಬೇಸಾಯದ ಮಾತಿಗೆ ಬಂದರೆ ಅಪಲೇಚಿಯದ ಮೂಲ ತೊಡಕು ಇನ್ನೂ ಸ್ಪಷ್ಟ. ಸಮತಟ್ಟಾದ ನೆಲ ಸಿಗುವುದು ಹೊಳೆಯ ಬದಿಯಲ್ಲಿ. ಗದ್ದೆ, ಶಾಲೆ, ಅಂಗಡಿ, ರಸ್ತೆ ಎಲ್ಲ ಅಲ್ಲೇ ಒತ್ತಿಕೊಂಡಿವೆ. ನೆರೆ ಇಳಿದಾಗ ಎಷ್ಟೋ ಹೊಲಗಳ ಮೇಲ್ಮಣ್ಣು ಹೋಗಿ ಮರಳು ಕೂತಿತ್ತು. ನೆರೆಗೆ ಹೆದರಿ ಮೇಲೆ ಮನೆ ಕಟ್ಟಿದವನ ಬೆನ್ನಿಗೆ ಇಳಿಜಾರು. ಸ್ವಾವಲಂಬನೆಯ ಕನಸಿಗೆ ಬೇಕಾದ ನೆಲವೂ ಸುರಕ್ಷತೆಗೆ ಬೇಕಾದ ನೆಲವೂ ಅಲ್ಲಿ ಒಂದೇ ಕಡೆ ಸಿಗುವುದು ಅಪರೂಪ.

ಹಾಗಾದರೆ ಕೈಹಿಡಿದದ್ದು ಏನು? ಹವ್ಯಾಸಿಗಳ ಹ್ಯಾಮ್ ರೇಡಿಯೊ ಸಂಕೇತಗಳನ್ನು ದೂರಕ್ಕೆ ದಾಟಿಸುವ, ಮೌಂಟ್ ಮಿಚೆಲ್ ಮೇಲಿನ ರಿಪೀಟರ್ ಕೆಟ್ಟಿರಲಿಲ್ಲ. ಮೊಬೈಲು ಸತ್ತ ದಿನಗಳಲ್ಲಿ ಯಾರು ಬದುಕಿದ್ದಾರೆ, ಎಲ್ಲಿಗೆ ಔಷಧಿ ಬೇಕು ಎಂಬ ಸುದ್ದಿ ಅದರ ಮೂಲಕ ಹರಿಯಿತು. ಮರ ಕೊಯ್ಯುವ ಮಷಿನ್ ಹಿಡಿದ ನೆರೆಹೊರೆಯವರು ಸರ್ಕಾರ ಬರುವ ಮುನ್ನವೇ ದಾರಿ ಬಿಡಿಸಿದರು. ಸ್ವಯಂಸೇವಕ ಅಗ್ನಿಶಾಮಕ ಠಾಣೆಗಳೂ ಚರ್ಚುಗಳೂ ಉಗ್ರಾಣವಾದವು. ಜೀಪು ಹೋಗದ ಕಡೆಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೋಯಿತು. ಇವುಗಳಲ್ಲಿ ಬಹುಪಾಲು ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಡರೂ ಬಂದೂಕಿನ ಕಾನೂನಿಗಿಂತ ಎಷ್ಟೋ ಕೆಳಗೆ.

ಬೆಟ್ಟ ಹೊರಜಗತ್ತಿನಿಂದ ಬೇರೆ ಎಂಬ ನಂಬಿಕೆಯೂ ಆಗಲೇ ಮುರಿಯಿತು. ಪಕ್ಕದ ಮ್ಯಾಕ್‌ಡೊವೆಲ್ ಕೌಂಟಿಯ ಒಂದು ಕಾರ್ಖಾನೆಗೆ ನೀರು ನುಗ್ಗಿದ್ದೇ ತಡ, ಅಮೆರಿಕದ ಆಸ್ಪತ್ರೆಗಳಲ್ಲೆಲ್ಲ ಡ್ರಿಪ್ ಬಾಟಲಿಗೆ ಬರ ಬಂತು. ದೇಶಕ್ಕೆ ಬೇಕಾದ ಸಲೈನಿನಲ್ಲಿ ಸುಮಾರು ಶೇಕಡಾ 60 ಅಲ್ಲಿ ತಯಾರಾಗುತ್ತಿತ್ತು.

ನನ್ನ ದೊಡ್ಡ ತಕರಾರು ಒಂದು ನಕ್ಷೆಯ ಕುರಿತು. 2004ರಲ್ಲಿ ಐವಾನ್ ಚಂಡಮಾರುತದ ಮಳೆಗೆ ಮೇಕನ್ ಕೌಂಟಿಯ ಪೀಕ್ಸ್ ಕ್ರೀಕ್‌ನಲ್ಲಿ ಗುಡ್ಡ ಜಾರಿ ಐವರು ಸತ್ತರು. ಆಮೇಲೆ ರಾಜ್ಯದ ಭೂವೈಜ್ಞಾನಿಕ ಸಮೀಕ್ಷೆ ಕೌಂಟಿವಾರು ಭೂಕುಸಿತದ ನಕ್ಷೆ ಮಾಡತೊಡಗಿತು. ಮೇಕನ್, ವಟಾಗ, ಬಂಕೂಂಬ್, ಹೆಂಡರ್‌ಸನ್ ಮುಗಿದವು. 2011ರಲ್ಲಿ ಶಾಸಕಾಂಗ ಹಣ ನಿಲ್ಲಿಸಿತು. ಕೆಲಸ ಮತ್ತೆ ಶುರುವಾದದ್ದು 2018ರಲ್ಲಿ. ಮುಗಿದ ಆ ನಾಲ್ಕರಲ್ಲಿ ಯಾನ್ಸಿ ಇರಲಿಲ್ಲ. ಕೌಂಟಿ ತೂಗುವವರು ಅಣುಬಾಂಬು ಬೀಳುವ ದಿಕ್ಕಿಗೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನು ಈ ನಕ್ಷೆಗೆ ಕೊಟ್ಟು, ಇದಕ್ಕಾಗಿ ಗದ್ದಲ ಎಬ್ಬಿಸಿದ್ದರೆ ಅವರ ಶ್ರಮಕ್ಕೆ ಬೆಲೆ ಬರುತ್ತಿತ್ತು.

ಕೊಡಗಿನಲ್ಲಿ 2018ರ ಆಗಸ್ಟ್ ಕಂಡವರಿಗೆ ಇದು ದೂರದ ಕಥೆಯಲ್ಲ. ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿತು, ಮಡಿಕೇರಿ–ಸಂಪಾಜೆ ರಸ್ತೆ ಕಡಿಯಿತು. ಬೆಂಗಳೂರಿನಿಂದ 'ನೋಟ ಚೆನ್ನಾಗಿರಬೇಕು, ಪಕ್ಕದಲ್ಲಿ ತೊರೆ ಹರಿಯಬೇಕು' ಎಂದು ಜಾಗ ಹುಡುಕುವವರ ಪಟ್ಟಿಯೂ ಅಮೆರಿಕದವರ ಪಟ್ಟಿಯ ತಮ್ಮನೇ.

ಯಾನ್ಸಿಯ ಬಗ್ಗೆ ನನ್ನ ತೀರ್ಪು: ಜನಕ್ಕೆ ಪೂರ್ಣ ಅಂಕ, ನೆಲಕ್ಕೆ ಅರ್ಧ, ದಾರಿಗೆ ಸೊನ್ನೆ. ಅಲ್ಲಿಗೆ ಹೋಗುವುದೇ ಬೇಡ ಎನ್ನಲಾರೆ. ಹೋಗುವವರು ಜಾಗ ತೋರಿಸುವ ಏಜೆಂಟನನ್ನು ಕಾಣುವ ಮೊದಲು ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಲಿ. ಹೆಲೀನ್ ಬಂದಾಗ ಯಾವ ತಿರುವು ಎಷ್ಟು ದಿನ ಮುಚ್ಚಿತ್ತು, ಮೇಲಿನ ಇಳಿಜಾರಿನಲ್ಲಿ ಯಾರು ರಸ್ತೆ ಕೊರೆದಿದ್ದಾರೆ ಎಂದು ಕೇಳಲಿ.