ಹೊರನಾಡಿನ ದನಿ, ಎರೆ ನೆಲದ ಸೆರೆಯಾಳು

ಎಸ್.ಆರ್. ಹಿರೇಮಠ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ ಹೋರಾಟ ಮತ್ತು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ರೋಣ ತಾಲ್ಲೂಕಿನ ಬೆಳವಣಕಿಯ ಈ ಹೋರಾಟಗಾರನಿಗೆ ಅದಕ್ಕೂ ಮೊದಲಿನ ಒಂದು ಅಧ್ಯಾಯವಿದೆ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಾದಾಗ ಅವರು ಅಮೆರಿಕದಲ್ಲಿದ್ದರು. ಆನಂದ ಕುಮಾರ್, ರವಿ ಚೋಪ್ರಾ ಮೊದಲಾದವರ ಜೊತೆ ಸೇರಿ ಅಲ್ಲಿ ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಎಂಬ ಸಂಘಟನೆ ಕಟ್ಟಿದರು. ವಾರ ಕಳೆಯುವುದರೊಳಗೆ ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ ನಡೆಯಿತು. 1976ರಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ಪಾದಯಾತ್ರೆಯೂ ಆಯಿತು. ಪತ್ರಕರ್ತ ಸುಗತ ಶ್ರೀನಿವಾಸರಾಜು ಈ ಬಳಗದ ಕಥೆಯನ್ನು ‘ದಿ ಕಾನ್ಶನ್ಸ್ ನೆಟ್‌ವರ್ಕ್’ ಎಂಬ ದೊಡ್ಡ ಪುಸ್ತಕದಲ್ಲಿ ಹಿಡಿದಿಟ್ಟಿದ್ದಾರೆ.

ಸೆರೆಯಲ್ಲಿರುವವರ ಪರವಾಗಿ ಪರದೇಶದಲ್ಲಿ ನಿಂತು ದನಿ ಎತ್ತುವ ಈ ಪರಂಪರೆಯನ್ನು ಹೊಗಳಿ ಸುಮ್ಮನಾಗುವುದು ಸುಲಭ. ಹೊರಗಿನವರ ಹಸ್ತಕ್ಷೇಪವೆಂದು ತಳ್ಳಿಹಾಕುವುದು ಇನ್ನೂ ಸುಲಭ. ಅಧಿಕಾರದಲ್ಲಿದ್ದವರೆಲ್ಲ ಅದನ್ನೇ ಮಾಡಿದ್ದಾರೆ. ಅದು ಯಾರನ್ನು ಕಾಪಾಡಿತು, ಯಾರ ಹತ್ತಿರಕ್ಕೂ ಸುಳಿಯಲಿಲ್ಲ ಎಂದು ರೋಣ, ನರಗುಂದ, ಗಜೇಂದ್ರಗಡದ ಎರೆ ಸೀಮೆಯಲ್ಲಿ ನಿಂತು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಈ ಪರಂಪರೆಗೆ ಎರಡು ಹಳೆಯ ಬೇರುಗಳಿವೆ. ಒಂದು ಪಕ್ಷ ಮತ್ತು ಕಾರ್ಮಿಕ ಸಂಘಗಳ ಬಂಧುತ್ವ. 1929ರ ಮಾರ್ಚಿನಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕ ನಾಯಕರನ್ನು ಸಾಲಾಗಿ ಹಿಡಿದು ಮೀರತ್ ಪಿತೂರಿ ಮೊಕದ್ದಮೆ ಹೂಡಿದಾಗ ರೊಮೆ ರೋಲಾ, ಐನ್‌ಸ್ಟೈನ್ ಅಂಥವರು ಆರೋಪಿಗಳ ಪರ ಮಾತಾಡಿದರು. ಆ ಆರೋಪಿಗಳಲ್ಲಿ ಒಬ್ಬನಾದ ಇಂಗ್ಲಿಷಿನವ ಫಿಲಿಪ್ ಸ್ಪ್ರಾಟ್ ಮುಂದೆ ಕಮ್ಯುನಿಸಮ್ಮನ್ನೇ ತೊರೆದು ಬೆಂಗಳೂರಿನಲ್ಲಿ ನೆಲೆಸಿ ‘ಮೈಸಿಂಡಿಯಾ’ ವಾರಪತ್ರಿಕೆಯ ಸಂಪಾದಕನಾದ. ಇನ್ನೊಂದು ಬೇರು 1961ರ ಮೇ 28ರದು. ಅಂದು ಲಂಡನ್ನಿನ ವಕೀಲ ಪೀಟರ್ ಬೆನೆನ್ಸನ್ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಮರೆತುಹೋದ ಕೈದಿಗಳ ಬಗ್ಗೆ ಬರೆದ ಲೇಖನದಿಂದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹುಟ್ಟಿತು. ಅದರ ವಿಧಾನ ಸರಳವಾಗಿತ್ತು. ಒಂದೊಂದು ಊರಿನ ಸದಸ್ಯರ ಗುಂಪು ಮೂವರು ಕೈದಿಗಳನ್ನು ಆರಿಸಿಕೊಳ್ಳಬೇಕು: ಪಶ್ಚಿಮದ ಒಬ್ಬ, ಕಮ್ಯುನಿಸ್ಟ್ ದೇಶದ ಒಬ್ಬ, ಮೂರನೇ ಜಗತ್ತಿನ ಒಬ್ಬ. ಅವರಿಗಾಗಿ ಪಟ್ಟುಬಿಡದೆ ಪತ್ರ ಬರೆಯಬೇಕು. ಕೈದಿ ಹಿಂಸೆಯನ್ನು ಬಳಸಿರಬಾರದು, ಬೆಂಬಲಿಸಿರಲೂಬಾರದು. ಈ ಕೊನೆಯ ನಿಯಮಕ್ಕೆ ಕಟ್ಟುಬಿದ್ದೇ ಆಮ್ನೆಸ್ಟಿ 1964ರಲ್ಲಿ ನೆಲ್ಸನ್ ಮಂಡೇಲಾ ಅವರನ್ನು ಅಂತಃಸಾಕ್ಷಿಯ ಕೈದಿ ಎಂದು ಒಪ್ಪಲಿಲ್ಲ.

ಈ ಎರಡೂ ದಾರಿಗಳು ಕರ್ನಾಟಕದಲ್ಲಿ ಪರೀಕ್ಷೆಗೆ ಒಡ್ಡಿಕೊಂಡದ್ದು ತುರ್ತು ಪರಿಸ್ಥಿತಿಯಲ್ಲಿ. 1976ರ ಮೇ 1ರಂದು ಬೆಂಗಳೂರಿನಲ್ಲಿ ಪೊಲೀಸರು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಮನೆಯಿಂದ ಎತ್ತಿಕೊಂಡು ಹೋದರು. ಭೂಗತರಾಗಿದ್ದ ಅಣ್ಣ, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಬೇಕಾಗಿತ್ತು. ಆ ದಿನಗಳಲ್ಲಿ ಮಗನಿಗೆ ಏನೇನಾಯಿತೆಂದು ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಲಾಠಿಗಳು ಮುರಿಯುವವರೆಗೆ ಹೊಡೆದದ್ದು, ಮುರಿದ ಲಾಠಿಗಳು ಐದು ಎಂಬುದು, ಆಲದ ಬಿಳಲಿನಿಂದ ಬಡಿದದ್ದು, ಓಡುವ ರೈಲಿನ ಕೆಳಗೆ ಎಸೆಯುತ್ತೇವೆಂದು ಬೆದರಿಸಿದ್ದು, ಎಲ್ಲವೂ ಅದರಲ್ಲಿತ್ತು. ದೇಶದೊಳಗಿನ ಪತ್ರಿಕೆಗಳ ಬಾಯಿಯನ್ನು ಸೆನ್ಸಾರ್ ಕಟ್ಟಿಹಾಕಿತ್ತು. ಪತ್ರದ ವಿವರಗಳು ಕೈಯಿಂದ ಕೈಗೆ ದಾಟಿ ಪರದೇಶ ಸೇರಿದವು.

ಇಡೀ ಪರಂಪರೆಯ ಸತ್ವ ಇರುವುದು ಆ ಐದು ಲಾಠಿಗಳ ಲೆಕ್ಕದಲ್ಲಿ. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂಬ ಮಾತಿಗೆ ಸರ್ಕಾರ ಇನ್ನೊಂದು ಮಾತಿನಿಂದ ಉತ್ತರ ಕೊಟ್ಟುಬಿಡಬಹುದು. ಹೆಸರು, ತಾರೀಖು, ಹೊಡೆದ ಆಯುಧ, ನೋವಿನ ಜಾಗ ಎಲ್ಲ ಬರೆದಿಟ್ಟ ಪತ್ರಕ್ಕೆ ಹಾಗೆ ಉತ್ತರ ಕೊಡಲಾಗದು. 1975ರ ಆಗಸ್ಟ್ 15ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಜಯಪ್ರಕಾಶ ನಾರಾಯಣರ ಬಿಡುಗಡೆಗಾಗಿ ಬಂದ ಜಾಹೀರಾತು ಹೆಚ್ಚು ಪ್ರಸಿದ್ಧ. ಅದರ ಹಿಂದಿದ್ದ ಸಮಿತಿಗೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಫಿಲಿಪ್ ನೋಯೆಲ್-ಬೇಕರ್ ಅಧ್ಯಕ್ಷರು. ಆದರೂ ಜೆಪಿ ಆ ನವೆಂಬರ್ 12ರಂದು ಬಿಡುಗಡೆಯಾದದ್ದು ಜಾಹೀರಾತಿನಿಂದ ಎನ್ನಲಾಗದು. ಮೂತ್ರಪಿಂಡ ಕೈಕೊಟ್ಟಿತ್ತು, ಅವರು ಬಂಧನದಲ್ಲೇ ಸತ್ತರೆ ಏನಾದೀತು ಎಂಬ ಭಯ ಸರ್ಕಾರಕ್ಕಿತ್ತು. ಹೊರಗಿನ ಜಗತ್ತು ಕಣ್ಣಿಟ್ಟಿದ್ದರಿಂದ ಆ ಭಯ ಇನ್ನಷ್ಟು ಬಲಿತಿರಬಹುದು. ಅದಕ್ಕಿಂತ ಹೆಚ್ಚಿನ ಶ್ರೇಯಸ್ಸನ್ನು ಜಾಹೀರಾತಿಗೆ ಕೊಡುವುದು ಸರಿಯಲ್ಲ.

1976ರ ಜೂನ್ 10ರಂದು ಕಲ್ಕತ್ತಾದಲ್ಲಿ ಜಾರ್ಜ್ ಸಿಕ್ಕಿಬಿದ್ದಾಗ ಪಶ್ಚಿಮ ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಬ್ರೂನೊ ಕ್ರೈಸ್ಕಿ, ಸ್ವೀಡನ್ನಿನ ಓಲೋಫ್ ಪಾಲ್ಮೆ ಇಂದಿರಾ ಗಾಂಧಿಯವರಿಗೆ ನೇರವಾಗಿ ಮನವಿ ಮಾಡಿದರು. ಸ್ಫೋಟಕಗಳನ್ನು ಬಳಸುವ ಸಂಚಿನ ಆರೋಪದ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಮುಖ್ಯ ಆರೋಪಿಯಾಗಿದ್ದ ಜಾರ್ಜ್ ಆಮ್ನೆಸ್ಟಿಯ ಅಹಿಂಸೆಯ ನಿಯಮದ ಬಾಗಿಲಲ್ಲಿ ಸಲೀಸಾಗಿ ಹಾಯಲು ಸಾಧ್ಯವಿರಲಿಲ್ಲ. ಅವರ ಬೆನ್ನಿಗೆ ನಿಂತದ್ದು ಸಮಾಜವಾದಿ ಬಂಧುತ್ವ. ಅದೇ ಮೊಕದ್ದಮೆಯ ನಂಟಿನಲ್ಲಿ 1976ರ ಮೇ 2ರಂದು ಬಂಧಿತರಾದ ಸ್ನೇಹಲತಾ ರೆಡ್ಡಿ, ‘ಸಂಸ್ಕಾರ’ ಚಿತ್ರದ ಚಂದ್ರಿ, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳುತ್ತಲೇ ಜೊತೆಯ ಹೆಣ್ಣು ಕೈದಿಗಳ ಊಟ ಸುಧಾರಿಸಲೆಂದು ಉಪವಾಸ ಕೂತರು. ಪ್ರಧಾನಿಗಳ ಮಟ್ಟದ ಒತ್ತಡ ಅವರ ಬೆನ್ನಿಗೆ ಬರಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಜಾರ್ಜ್ ಜೈಲಿನಿಂದಲೇ ಮುಜಫ್ಫರಪುರದಲ್ಲಿ ಗೆದ್ದು ಮಂತ್ರಿಯಾದರು. ಅದೇ ವರ್ಷ ಆಮ್ನೆಸ್ಟಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಹೊರನಾಡಿನ ಹೆಚ್ಚಿನ ಗುಂಪುಗಳು 1977ರ ಚುನಾವಣೆಯಾದೊಡನೆ ಚದುರಿದವು. ಹಿರೇಮಠರ ದಾರಿ ಬೇರೆಯಾಯಿತು. 1979ರಲ್ಲಿ ಅವರು ಹೆಂಡತಿಯೊಂದಿಗೆ ಅಮೆರಿಕ ಬಿಟ್ಟು ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಹಳ್ಳಿಗರ ನಡುವೆ ಕೆಲಸಕ್ಕೆ ಕೂತರು. ಈ ಪರಂಪರೆಯ ದೊಡ್ಡ ಗಳಿಕೆ ಯಾವುದು ಎಂದರೆ ಇದನ್ನೇ ತೋರಿಸಬೇಕು. ಊರಿನ ಬಗ್ಗೆ ದೂರದಲ್ಲಿ ದನಿ ಎತ್ತಿದವನು ಊರಿಗೇ ಬಂದು ಉಳಿದ.

ಮರುವರ್ಷವೇ ನರಗುಂದ ಹೊತ್ತಿಕೊಂಡಿತು. ಮಲಪ್ರಭಾ ಕಾಲುವೆಯ ನೀರು ನೆಟ್ಟಗೆ ಬರದ ಹೊಲಗಳಿಗೂ ಅಭಿವೃದ್ಧಿ ಕರ ಬಂದಿತ್ತು, ನೀರಿನ ಕರ ಏರುತ್ತಿತ್ತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಆಮೇಲೆ ಹಳ್ಳಿ ಹಳ್ಳಿಗಳಲ್ಲಿ ಬಂಧನ, ಬಡಿತ. ಗುಂಡೂರಾವ್ ಸರ್ಕಾರದ ಅಡಿಪಾಯ ಅಲುಗಿತು, ರಾಜ್ಯ ರೈತ ಸಂಘ ಹುಟ್ಟಿತು, ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಹೋಯಿತು. ಜೈಲಿಗೆ ಹೋದ ರೈತನಿಗೆ ಮಾತ್ರ ಪರದೇಶದ ಯಾವ ಪತ್ರವೂ ಬಂದದ್ದು ಯಾರ ನೆನಪಿನಲ್ಲೂ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಲ್ಲು ತೂರಿದ ಗುಂಪಿನಲ್ಲಿ ಸಿಕ್ಕವನು ಬೆನೆನ್ಸನ್ ದಾರಿಗೆ ಸಲ್ಲಲಿಲ್ಲ. ಸ್ಟಾಕ್‌ಹೋಮಿನಲ್ಲಿ ಗೆಳೆಯರಿಲ್ಲದವನು ಬಂಧುತ್ವದ ದಾರಿಗೂ ಸಲ್ಲಲಿಲ್ಲ. ಅವನ ತಾಯಿ ಬರೆದಿದ್ದರೂ ಆ ಪತ್ರವನ್ನು ಇಂಗ್ಲಿಷಿಗೆ ತಂದು ದಾಟಿಸುವವರು ಊರಿನಲ್ಲಿರಲಿಲ್ಲ. ಕಲ್ಲು ತೂರಿದವನನ್ನೂ ಠಾಣೆಯಲ್ಲಿ ಹೊಡೆಯುವಂತಿಲ್ಲ ಎಂಬುದು ಸಾಮಾನ್ಯ ನ್ಯಾಯ. ಕೈದಿಯ ಶೀಲವನ್ನು ಮೊದಲು ತೂಗಿ ಆಮೇಲೆ ಮರುಗುವ ಪದ್ಧತಿ ಈ ನ್ಯಾಯಕ್ಕೆ ಅಡ್ಡ ಬಂತು.

ಮುಂದಿನ ವರ್ಷಗಳಲ್ಲಿ ಸ್ವಲ್ಪ ಬದಲಾಯಿತು. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ ರೈತ ಸಂಘ ಜಾಗತಿಕ ರೈತ ಒಕ್ಕೂಟ ‘ವಿಯಾ ಕಂಪೆಸೀನಾ’ದ ಜೊತೆ ಕೈಜೋಡಿಸಿತು, 1999ರಲ್ಲಿ ನೂರಾರು ರೈತರು ಯುರೋಪಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ಹಾಗಿದ್ದೂ 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿ ನೀರಿನ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿ, ಮಲಪ್ರಭಾ ಸೀಮೆ ಮತ್ತೆ ಕೆರಳಿ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ಮುದುಕರೆನ್ನದೆ ಬಡಿದಾಗ ನಡೆದದ್ದೇನು? ಆ ದೃಶ್ಯ ಟಿ.ವಿ.ಯಲ್ಲಿ ನಾಡೆಲ್ಲ ನೋಡಿತು. ಹಿಡಿದ ರೈತರನ್ನು ಬಳ್ಳಾರಿಯವರೆಗೆ ಸಾಗಿಸಿದರು. ರಾಜ್ಯದ ಗಡಿಯಾಚೆ ಅವರ ಹೆಸರುಗಳು ತಲುಪಲಿಲ್ಲ.

2021ರ ಫೆಬ್ರವರಿ 13ರಂದು ಬೆಂಗಳೂರಿನ 22 ವರ್ಷದ ದಿಶಾ ರವಿ ಅವರನ್ನು ರೈತ ಹೋರಾಟಕ್ಕೆ ಬೆಂಬಲ ಕೋರಿದ ‘ಟೂಲ್‌ಕಿಟ್’ ಎಂಬ ಆನ್‌ಲೈನ್ ಕೈಪಿಡಿಯ ಹೆಸರಿನಲ್ಲಿ ದೆಹಲಿ ಪೊಲೀಸರು ಬಂಧಿಸಿದಾಗ ಒಂದೇ ದಿನದಲ್ಲಿ ಜಗತ್ತಿಗೆ ಗೊತ್ತಾಯಿತು. ಫೆಬ್ರವರಿ 23ರಂದು ಜಾಮೀನು ಕೊಟ್ಟ ನ್ಯಾಯಾಧೀಶ ಧರ್ಮೇಂದರ್ ರಾಣಾ, ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಜಗತ್ತಿನ ಕಿವಿ ತಲುಪುವ ಹಕ್ಕೂ ಸೇರಿದೆ ಎಂದು ಆದೇಶದಲ್ಲಿ ಬರೆದರು. ಹೊರನಾಡಿಗೆ ಕರೆ ಕೊಡುವುದೇ ದೇಶದ್ರೋಹ ಎಂಬ ಹಳೆಯ ಆರೋಪಕ್ಕೆ ಭಾರತದ ನ್ಯಾಯಾಲಯವೇ ಕೊಟ್ಟ ಉತ್ತರ ಇದು. 1976ರಲ್ಲಿ ಇಂಥದೊಂದು ಸಾಲು ಯಾರಿಗೂ ಸಿಕ್ಕಿರಲಿಲ್ಲ. ಆ ಹಕ್ಕು ಯಮನೂರಿನ ಮುದುಕಿಗೂ ಸೇರಿದ್ದು.

ಪ್ರತಿ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಮಾಲೆ ಹಾಕಲು ರೈತ ಸಂಘಟನೆಗಳು ಸೇರುತ್ತವೆ, ಭಾಷಣಗಳಾಗುತ್ತವೆ. ಅಲ್ಲಿಗೆ ಬರುವ ಮುಖಂಡರಲ್ಲಿ ಒಂದು ಕೋರಿಕೆ. 1980 ಮತ್ತು 2016ರಲ್ಲಿ ಬಂಧನಕ್ಕೊಳಗಾದವರನ್ನು ಕೇಳಿ ಅವರ ಊರು, ಹಿಡಿದ ತಾರೀಖು, ಇಟ್ಟ ಜೈಲು, ಹಾಕಿದ ಕಲಮು, ತಿಂದ ಪೆಟ್ಟು ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಿ. 1980ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು; ಈ ಕೆಲಸ ಈ ವರ್ಷವೇ ಶುರುವಾಗಬೇಕು.