ಅಕ್ವೇರಿಯಂ ಮೀನುಗಳ ಹೊಂದಾಣಿಕೆ ಕೋಷ್ಟಕ ಎಷ್ಟು ನಂಬಲರ್ಹ?

ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಒಂದು ಬಣ್ಣದ ಕೋಷ್ಟಕವನ್ನು ನೀವು ನೋಡಿರಬಹುದು. ಮೇಲಿನ ಸಾಲಿನಲ್ಲಿ ಮೀನುಗಳ ಹೆಸರು, ಎಡಬದಿಯಲ್ಲಿಯೂ ಅವೇ ಹೆಸರು. ಎರಡು ಹೆಸರುಗಳು ಸಂಧಿಸುವ ಚೌಕ ಹಸಿರಾಗಿದ್ದರೆ ಆ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕಬಹುದು; ಕೆಂಪಾಗಿದ್ದರೆ ಸಾಕಬಾರದು. ಈ ಕೋಷ್ಟಕ ಈಗ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಿಗೂ ಬಂದಿದೆ.

ಬ್ಯಾಡಗಿಯ ಶಾಲೆಯೊಂದಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದಾಗ ಮಕ್ಕಳು ಅದನ್ನು ಅಂದವಾಗಿ ಬರೆದು ತೂಗುಹಾಕಿದ್ದರು. ಕೆಳಗೆ ಎರಡಡಿ ಉದ್ದದ ಗಾಜಿನ ತೊಟ್ಟಿ. ಹತ್ತು ನಿಯಾನ್ ಟೆಟ್ರಾ, ಆರು ಗಪ್ಪಿ ತಂದು ಬಿಟ್ಟು ಒಂದು ವಾರವಾಗಿತ್ತು. ನಿಯಾನ್ ಒಂದೂ ಉಳಿದಿರಲಿಲ್ಲ. "ಸರ್, ಇದರಾಗ ಹಸಿರು ಐತ್ರಿ. ಆದ್ರೂ ಯಾಕ ಸತ್ತುವ್ರಿ?" ಎಂದು ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ. ಗಪ್ಪಿಗಳೇ ಕಚ್ಚಿರಬೇಕು ಎಂದು ಅವನ ಗೆಳೆಯರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಪಕ್ಕದ ಮೇಜಿನ ರಸಾಯನವಿಜ್ಞಾನ ತಂಡದಿಂದ ಪಿಎಚ್ ಕಾಗದ ಪಡೆದು ತೊಟ್ಟಿಯ ನೀರಿನಲ್ಲಿ ಅದ್ದಿದೆವು. ಅದು 8ರ ಬಣ್ಣಕ್ಕೆ ತಿರುಗಿತು. ಆ ಹುಡುಗನ ಪ್ರಶ್ನೆಯೇ ಈ ವಿಮರ್ಶೆಗೆ ಕಾರಣ.

ಕೋಷ್ಟಕ ಸರಿಯಾಗಿ ಹೇಳುವುದೇನು?

ಕೋಷ್ಟಕ ಪೂರ್ತಿ ಸುಳ್ಳಲ್ಲ. ಎರಡು ಗಂಡು ಫೈಟರ್ ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಅವು ಹೊಡೆದಾಡುವುದು ನಿಜ. ಬೆಳೆದ ಏಂಜಲ್ ಮೀನು ಪುಟ್ಟ ನಿಯಾನ್‌ಗಳನ್ನು ನುಂಗುವುದೂ ನಿಜ. ಬಾಯಿಗೆ ಹಿಡಿಸುವುದೆಲ್ಲ ಆಹಾರ ಎಂಬುದು ಮೀನುಗಳ ಲೋಕದ ಸಾಮಾನ್ಯ ನಿಯಮ.

ಆದರೆ ಒಂದೇ ಚೌಕದ ಬಣ್ಣ ಸಂಖ್ಯೆಯನ್ನು ಅವಲಂಬಿಸಿ ಬದಲಾಗಬಲ್ಲದು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ಟೈಗರ್ ಬಾರ್ಬ್ ಮೀನನ್ನೇ ನೋಡಿ. ಎರಡು ಮೂರು ಇದ್ದರೆ ಅವು ಬೇರೆ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯುತ್ತವೆ. ಎಂಟು ಹತ್ತರ ಗುಂಪಿದ್ದರೆ ಅವುಗಳ ಜಗಳ ಬಹುಮಟ್ಟಿಗೆ ತಮ್ಮತಮ್ಮಲ್ಲೇ ಮುಗಿಯುತ್ತದೆ. ವಯಸ್ಸಿನ ಮಾತೂ ಹಾಗೆಯೇ. ಅಂಗಡಿಯಲ್ಲಿ ಒಂದೂವರೆ ಅಂಗುಲವಿರುವ ಗೋಲ್ಡ್ ಫಿಶ್ ವಾಸ್ತವವಾಗಿ ಗೆಂಡೆ ಮೀನುಗಳ ಬಳಗದ್ದು. ಚೆನ್ನಾಗಿ ಸಾಕಿದರೆ ಅರ್ಧ ಅಡಿಗಿಂತ ಹೆಚ್ಚು ಬೆಳೆಯುತ್ತದೆ. ಕೋಷ್ಟಕದ ಹಸಿರು ಕೊಳ್ಳುವ ದಿನದ್ದೋ, ಎರಡು ವರ್ಷದ ನಂತರದ್ದೋ?

ಕೋಷ್ಟಕದಲ್ಲಿ ಇಲ್ಲದ ಹೆಸರು: ನೀರು

ಕೋಷ್ಟಕದ ದೊಡ್ಡ ದೋಷ ಬೇರೆಯೇ ಇದೆ. ಅದು ಮೀನಿಗೂ ಮೀನಿಗೂ ತಾಳೆ ನೋಡುತ್ತದೆ. ಮೀನಿಗೂ ನೀರಿಗೂ ನೋಡುವುದಿಲ್ಲ. ನಿಯಾನ್ ಟೆಟ್ರಾ ಅಮೆಜಾನ್ ಪ್ರದೇಶದ ಮೆದು, ತುಸು ಆಮ್ಲೀಯ ನೀರಿನ ಮೀನು. ಗಪ್ಪಿಗೆ ಗಡಸು ನೀರು ಒಗ್ಗುತ್ತದೆ. ಎರಡೂ ಸಾಧು ಸ್ವಭಾವದವು, ಆದ್ದರಿಂದ ಚೌಕ ಹಸಿರು! ಆ ಶಾಲೆಯಲ್ಲಿದ್ದದ್ದು ಕೊಳವೆಬಾವಿಯ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ತುಂಗಭದ್ರಾ ನದಿಯ ನೀರನ್ನು ಬಳಸುವ ರಾಣೆಬೆನ್ನೂರಿನ ಮನೆಯಲ್ಲಿ ಇವೇ ಮೀನುಗಳ ಕಥೆ ಬೇರೆಯಾಗಬಹುದಿತ್ತು.

ಇಂದು ಮಾರಾಟಕ್ಕೆ ಬರುವ ನಿಯಾನ್‌ಗಳು ಬಹುತೇಕ ಸಾಕಣೆಯವು. ಗಡಸುತನವನ್ನು ಸ್ವಲ್ಪಮಟ್ಟಿಗೆ ಸಹಿಸುತ್ತವೆ. ಹಾಗಾದರೆ ವಾರದೊಳಗೆ ಸಾಯಲು ಕಾರಣ? ನನ್ನ ಊಹೆ ಅಮೋನಿಯದ ಮೇಲಿದೆ. ಮೀನಿನ ಕಿವಿರುಗಳಿಂದ ಅಮೋನಿಯ ಸದಾ ಹೊರಬೀಳುತ್ತದೆ. ಕೊಳೆಯುವ ಆಹಾರದಿಂದಲೂ ಬರುತ್ತದೆ. ಹಳೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯ ಜಲ್ಲಿಕಲ್ಲಿನಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು.

ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನಿನಿಂದ ಅಪಾಯ ಕಡಿಮೆ, ಸ್ವತಂತ್ರ ಅಮೋನಿಯ ಅಣು ಬಲವಾದ ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದ ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ. ಅದೇ ಮೀನು, ಅದೇ ಆಹಾರ, ಅದೇ ಕಸ. ವಿಷ ಮಾತ್ರ ಸುಮಾರು ಒಂಬತ್ತು ಪಟ್ಟು! ಪಾಪ, ಗಪ್ಪಿಗಳ ಮೇಲೆ ಕೊಲೆಯ ಆರೋಪ ಬಂದಿತ್ತು. ಅದು ನ್ಯಾಯವೇ?

ಗ್ಯಾಲನ್‌ಗೆ ಒಂದು ಅಂಗುಲ

ಕೋಷ್ಟಕದ ಅಡಿಯಲ್ಲಿ ಇನ್ನೊಂದು ಸೂತ್ರವಿರುವುದುಂಟು. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ಅಂಗುಲ ಉದ್ದದ ಮೀನು ಎಂದು. ಭೌತವಿಜ್ಞಾನದ ಮೇಷ್ಟರಿಗೆ ಇದು ಬಹಳ ಕಸಿವಿಸಿ ತರುವ ಸೂತ್ರ. 60 ಸೆಂಮೀ ಉದ್ದ, 30 ಸೆಂಮೀ ಅಗಲದ ತೊಟ್ಟಿಗೆ 25 ಸೆಂಮೀ ಎತ್ತರದವರೆಗೆ ನೀರು ತುಂಬಿದರೆ 45 ಲೀಟರ್, ಅಂದರೆ ಸುಮಾರು 12 ಗ್ಯಾಲನ್. ಸೂತ್ರದ ಪ್ರಕಾರ ಇದರಲ್ಲಿ ಒಂದಂಗುಲದ 12 ಮೀನು ಬಿಡಬಹುದು. ಹನ್ನೆರಡಂಗುಲದ ಒಂದೇ ಮೀನನ್ನೂ ಬಿಡಬಹುದು! ಆ ಮೀನಿಗೆ ಈ ತೊಟ್ಟಿಯಲ್ಲಿ ನೆಟ್ಟಗೆ ತಿರುಗಲೂ ಆಗದು.

ಆಕಾರ ಒಂದೇ ಆಗಿದ್ದರೆ ತೂಕ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. ಉದ್ದ 12 ಪಟ್ಟಾದರೆ ತೂಕ 1728 ಪಟ್ಟು. ಆಕ್ಸಿಜನ್ ಬಳಕೆ ತೂಕದಷ್ಟೇ ವೇಗವಾಗಿ ಏರುವುದಿಲ್ಲ. ಮೀನುಗಳಲ್ಲಿ ಅದು ಹೆಚ್ಚುಕಡಿಮೆ ತೂಕದ 0.8 ಘಾತಕ್ಕೆ ಅನುಗುಣ. ಹಾಗೆ ಲೆಕ್ಕ ಹಾಕಿದರೂ ಆ ಒಂದು ಮೀನು ಸುಮಾರು 400 ಪುಟ್ಟ ಮೀನುಗಳಿಗೆ ಸಮ. ಸೂತ್ರ ಅದನ್ನು 12ಕ್ಕೆ ಸಮ ಎನ್ನುತ್ತದೆ.

ಆಕ್ಸಿಜನ್ ಬರುವುದು ನೀರಿನ ಮೇಲ್ಮೈಯಿಂದ, ಲೀಟರ್ ಲೆಕ್ಕದಿಂದಲ್ಲ. 25 ಸೆಂಮೀ ವ್ಯಾಸದ ದುಂಡು ಗಾಜಿನ ಬೋಗುಣಿಯನ್ನು ಅರ್ಧ ತುಂಬಿದಾಗ ಮೇಲ್ಮೈ ಸುಮಾರು 490 ಚದರ ಸೆಂಮೀ. 'ಮೀನಿಗೆ ಜಾಗ ಸಿಗಲಿ' ಎಂದು ಕಂಠದ ಹತ್ತಿರದವರೆಗೆ, ಕೇಂದ್ರದಿಂದ 10 ಸೆಂಮೀ ಮೇಲೆ, ತುಂಬಿದರೆ ಅದು 180 ಚದರ ಸೆಂಮೀಗೂ ಕಡಿಮೆ. ನೀರು ಹೆಚ್ಚಿತು, ಉಸಿರು ಕಡಿಮೆಯಾಯಿತು. ಇದರ ಮೇಲೆ ನಮ್ಮ ಬೇಸಿಗೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಆಗಲೇ ಮೀನಿನ ಬೇಡಿಕೆ ಏರಿರುತ್ತದೆ. ಏಪ್ರಿಲ್ ಮಧ್ಯಾಹ್ನ ವಿದ್ಯುತ್ ಹೋಗಿ ಏರ್ ಪಂಪ್ ನಿಂತರೆ ತಂಪು ನೀರಿನ ಗೋಲ್ಡ್ ಫಿಶ್ ಗತಿ ಏನು?

ಹಾಗಾದರೆ ಯಾವ ಮೀನು?

ಮೊದಲು ನೀರು ನೋಡಿ, ಆಮೇಲೆ ಮೀನು. ಸಾಬೂನಿನ ದ್ರಾವಣದ ಹನಿಗಳಿಂದ ಮಳೆನೀರು, ನದಿಯ ನೀರು, ಬೋರಿನ ನೀರುಗಳ ಗಡಸುತನವನ್ನು ಹೋಲಿಸುವುದು ಯಾವ ಪ್ರೌಢಶಾಲೆಯಲ್ಲೂ ಸಾಧ್ಯ. ಬೋರಿನ ಗಡಸು ನೀರಾದರೆ ಗಪ್ಪಿ ಅಥವಾ ಪ್ಲಾಟಿ. ಗಂಡುಗಳನ್ನಷ್ಟೇ ತಂದರೆ ಮರಿಗಳಿಂದ ತೊಟ್ಟಿ ತುಂಬಿಹೋಗುವುದಿಲ್ಲ. ಎರಡೂ ಬಗೆಯ ನೀರಿಗೆ ಒಗ್ಗುವುದು ನಮ್ಮ ದೇಶದ್ದೇ ಆದ ಜೀಬ್ರಾ ಮೀನು. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಇದನ್ನು ವಿಜ್ಞಾನಕ್ಕೆ ವರ್ಣಿಸಿದ. ಇಂದು ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಇದು ಪ್ರಸಿದ್ಧ. ಆರರ ಗುಂಪು ಎರಡಡಿ ತೊಟ್ಟಿಗೆ ಸಾಕು.

ಮೊದಲು ಎರಡು ಮೂರು ಮೀನು ಬಿಡಿ, ಉಳಿದವನ್ನು ವಾರಗಳ ಅಂತರದಲ್ಲಿ ಸೇರಿಸಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಎಲ್ಲ ನೀರು ಚೆಲ್ಲಿ ಜಲ್ಲಿಯನ್ನು ತಿಕ್ಕಿ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಗಳೂ ಚರಂಡಿ ಸೇರುತ್ತವೆ. 'ಗಾಜು ಶುಚಿ ಮಾಡುವ ಮೀನು' ಎಂದು ಸಕ್ಕರ್ ಮೀನು ಕೊಟ್ಟರೆ ಬೇಡವೆನ್ನಿ. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಸಾಕಲಾಗದವರು ಹೊರಗೆ ಬಿಟ್ಟದ್ದರಿಂದ ಕೇರಳ, ಆಂಧ್ರಗಳ ನೀರಿನಲ್ಲಿ ಇದು ಪಿಡುಗಾಗಿದೆ. ಹಾವೇರಿಯ ಹೆಗ್ಗೇರಿ ಕೆರೆಗೂ ಆ ಗತಿ ಬರಬಾರದು. ಯಾವ ಅಕ್ವೇರಿಯಂ ಮೀನನ್ನೂ ಕೆರೆ, ಹೊಳೆಗೆ ಬಿಡಬೇಡಿ. ಕೊಂಡ ಅಂಗಡಿಗೇ ಮರಳಿಸಿ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಆ ಕೋಷ್ಟಕವನ್ನು ಹರಿದು ಹಾಕುವುದು ಬೇಡ. ಅದರ ಪಕ್ಕದಲ್ಲಿ ಐದು ಸಾಲು ಸೇರಿಸಿ: ನೀರಿನ ಪಿಎಚ್, ಗಡಸುತನ, ಉಷ್ಣತೆ, ಬೆಳೆದ ಮೀನಿನ ಉದ್ದ, ತೊಟ್ಟಿಯ ಮೇಲ್ಮೈ ವಿಸ್ತೀರ್ಣ. ಅವನ್ನು ನಿಮ್ಮ ವಿದ್ಯಾರ್ಥಿಗಳೇ ಅಳೆದು ತುಂಬಲಿ. ಆಮೇಲೆ ಮೀನು ಸತ್ತರೂ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅವರ ಕೈಯಲ್ಲಿ ಅಂಕಿಗಳಿರುತ್ತವೆ.